ತುಂಬಾದ ಚರ್ಚಿನಲ್ಲಿ ಸಿಕ್ಕ ವಿಕ್ರಮ್ ಸಾರಾಭಾಯ್

ಕಳೆದ ವರ್ಷ ಒಂದು ಸ್ಪರ್ಧಾತ್ಮಕ ಪರೀಕ್ಷೆ ಬರೆಯಲು ತಿರುವನಂತಪುರಕ್ಕೆ ಹೋಗಿದ್ದೆ. ಪರೀಕ್ಷೆ ಸರಿಯಾಗಿ ಆಗಲಿಲ್ಲ. ಹಾಲ್‌ನಿಂದ ಹೊರಗೆ ಬಂದಾಗಲೇ ಈ ಸಲವೂ ಇಲ್ಲ ಎಂಬುದು ಗೊತ್ತಾಗಿತ್ತು. ವಾಪಸ್ ರೈಲು ಇದ್ದದ್ದು ಮರುದಿನ ರಾತ್ರಿ. ಲಾಡ್ಜ್‌ನಲ್ಲಿ ಕುಳಿತು ಬೇಸರಪಡುವುದಕ್ಕಿಂತ ಎಲ್ಲಾದರೂ ಹೋಗಿಬರೋಣ ಎಂದುಕೊಂಡು ತುಂಬಾಕ್ಕೆ ಹೊರಟೆ. ಸಮುದ್ರದ ದಂಡೆಯ ಊರು. ನಮ್ಮ ತುಂಬೆ ಗಿಡದಿಂದಲೇ ಆ ಊರಿಗೆ ಹೆಸರು ಬಂದಿದೆಯಂತೆ. ಅಲ್ಲಿನ ಹಳೆಯ ಸೇಂಟ್ ಮೇರಿ ಮ್ಯಾಗ್ಡಲೀನ್ ಚರ್ಚಿನೊಳಗೆ ಇಸ್ರೊದ ಬಾಹ್ಯಾಕಾಶ ವಸ್ತುಸಂಗ್ರಹಾಲಯವಿದೆ.

ರಾಕೆಟ್‌ಗಳ ಮಾದರಿಗಳು, ಉಪಗ್ರಹಗಳ ಮಾದರಿಗಳು, ಹಳೆಯ ಫೋಟೊಗಳು. ಎಲ್ಲವನ್ನೂ ನೋಡುತ್ತಾ ಬಂದ ನನ್ನನ್ನು ಹಿಡಿದು ನಿಲ್ಲಿಸಿದ್ದು ಆ ಕಟ್ಟಡವೇ. ಒಂದು ಕಾಲಕ್ಕೆ ಮೀನುಗಾರರು ಮಂಡಿಯೂರಿ ಪ್ರಾರ್ಥಿಸಿದ ಜಾಗದಲ್ಲಿ, ಆಮೇಲೆ ಹುಡುಗರು ಕುಳಿತು ರಾಕೆಟ್ ಬಿಡಿಭಾಗಗಳನ್ನು ಜೋಡಿಸಿದರು. ಇದನ್ನು ಸಾಧ್ಯ ಮಾಡಿದ ಮನುಷ್ಯ ಯಾರು? ವಿಕ್ರಮ್ ಸಾರಾಭಾಯ್ ಎಂಬ ಹೆಸರು ಸಾಮಾನ್ಯ ಜ್ಞಾನದ ಪುಸ್ತಕದಲ್ಲಿ ಒಂದು ಅಂಕದ ಉತ್ತರವಾಗಿ ನನಗೆ ಗೊತ್ತಿತ್ತು, ಅಷ್ಟೆ. ಊರಿಗೆ ಬಂದ ಮೇಲೆ ಅವರ ಬಗ್ಗೆ ಓದತೊಡಗಿದೆ.

ಮೊದಲಿಗೇ ಒಂದು ಮಾತು ಹೇಳಿಬಿಡುತ್ತೇನೆ. ಇದು ಬಡತನದಿಂದ ಮೇಲೆ ಬಂದವರ ಕಥೆಯಲ್ಲ. ವಿಕ್ರಮ್ ಹುಟ್ಟಿದ್ದು 1919ರ ಆಗಸ್ಟ್ 12ರಂದು, ಅಹಮದಾಬಾದಿನ ದೊಡ್ಡ ಬಟ್ಟೆ ಗಿರಣಿ ಮಾಲೀಕರ ಮನೆಯಲ್ಲಿ. ತಂದೆ ಅಂಬಾಲಾಲ್, ತಾಯಿ ಸರಳಾದೇವಿ. ಎಂಟು ಮಕ್ಕಳಿಗಾಗಿ ತಾಯಿ ಮನೆಯಲ್ಲೇ ಮಾಂಟೆಸ್ಸರಿ ಪದ್ಧತಿಯ ಶಾಲೆ ತೆರೆದಿದ್ದರು. ಇದನ್ನು ಓದುವಾಗ ನನಗೆ ಸ್ವಲ್ಪ ಹೊಟ್ಟೆಕಿಚ್ಚೇ ಆಯಿತು. ಆದರೆ ಒಂದು ವಿವರ ಮನಸ್ಸಿನಲ್ಲಿ ಉಳಿಯಿತು. ಹುಡುಗನಾಗಿದ್ದಾಗ ವಿಕ್ರಮ್ ಇಬ್ಬರು ಎಂಜಿನಿಯರ್‌ಗಳ ಸಹಾಯದಿಂದ ನಿಜವಾಗಿ ಓಡುವ ಒಂದು ಪುಟ್ಟ ರೈಲು ಎಂಜಿನ್ ಕಟ್ಟಿದ್ದರು. ಕೈಯಿಂದ ಮಾಡಿ ಕಲಿಯುವ ಈ ರೂಢಿ ಅವರನ್ನು ಕೊನೆಯವರೆಗೂ ಬಿಡಲಿಲ್ಲ.

ಗುಜರಾತ್ ಕಾಲೇಜಿನ ನಂತರ ಅವರು ಕೇಂಬ್ರಿಜ್‌ಗೆ ಹೋದರು. 1940ರಲ್ಲಿ ಪದವಿಯೇನೋ ಮುಗಿಯಿತು, ಆದರೆ ಅಷ್ಟರಲ್ಲಿ ಎರಡನೇ ಮಹಾಯುದ್ಧ ಶುರುವಾಗಿತ್ತು. ಮುಂದಿನ ಸಂಶೋಧನೆಯ ಯೋಜನೆಗಳೆಲ್ಲ ತಲೆಕೆಳಗಾಗಿ ಭಾರತಕ್ಕೆ ಮರಳಿದರು. ಆಗ ಅವರು ಸೇರಿದ್ದು ನಮ್ಮ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯನ್ನು. ಸರ್ ಸಿ.ವಿ. ರಾಮನ್ ಅವರ ಮಾರ್ಗದರ್ಶನದಲ್ಲಿ ವಿಶ್ವಕಿರಣಗಳ ಅಧ್ಯಯನ ನಡೆಸಿದರು. ಬಾಹ್ಯಾಕಾಶದಿಂದ ಸದಾ ಭೂಮಿಯ ಮೇಲೆ ಸುರಿಯುವ ಈ ಸೂಕ್ಷ್ಮ ಕಣಗಳನ್ನು ಅಳೆಯಲು ಬೆಂಗಳೂರಿನಿಂದ ಕಾಶ್ಮೀರದ ಹಿಮಾಲಯದವರೆಗೆ ಉಪಕರಣ ಹೊತ್ತು ತಿರುಗಿದರು. 1942ರಲ್ಲಿ ಮೊದಲ ಸಂಶೋಧನಾ ಪ್ರಬಂಧ ಪ್ರಕಟವಾಯಿತು. ಅದೇ ವರ್ಷ ನೃತ್ಯ ಕಲಾವಿದೆ ಮೃಣಾಲಿನಿ ಅವರ ಜೊತೆ ಮದುವೆಯೂ ಆಯಿತು. ಯುದ್ಧ ಮುಗಿದ ಮೇಲೆ ಮತ್ತೆ ಕೇಂಬ್ರಿಜ್‌ಗೆ ಹೋಗಿ 1947ರಲ್ಲಿ ಡಾಕ್ಟರೇಟ್ ಪಡೆದು ಬಂದರು.

ದೇಶಕ್ಕೆ ಸ್ವಾತಂತ್ರ್ಯ ಬಂದು ಮೂರು ತಿಂಗಳೂ ಆಗಿರಲಿಲ್ಲ. 1947ರ ನವೆಂಬರ್ 11ರಂದು ಅವರು ಅಹಮದಾಬಾದಿನಲ್ಲಿ ಭೌತ ಸಂಶೋಧನಾ ಪ್ರಯೋಗಾಲಯ ಶುರುಮಾಡಿದರು. ಸ್ವಂತ ಕಟ್ಟಡ ಇರಲಿಲ್ಲ, ಒಂದು ವಿಜ್ಞಾನ ಕಾಲೇಜಿನ ಕೆಲವು ಕೋಣೆಗಳಲ್ಲೇ ಕೆಲಸ ಆರಂಭವಾಯಿತು. ಆಗ ಅವರಿಗೆ 28 ವರ್ಷ. ಅದೇ ವಯಸ್ಸಿನಲ್ಲಿ ಬಟ್ಟೆ ಗಿರಣಿಗಳಿಗಾಗಿ ಒಂದು ಸಂಶೋಧನಾ ಸಂಘವನ್ನೂ ಕಟ್ಟತೊಡಗಿದರು. ಜವಳಿ ತಂತ್ರಜ್ಞಾನದಲ್ಲಿ ಅವರಿಗೆ ಯಾವ ತರಬೇತಿಯೂ ಇರಲಿಲ್ಲ. ಗೊತ್ತಿಲ್ಲದ್ದನ್ನು ಕಲಿಯಬಹುದು ಎಂಬ ಧೈರ್ಯವಿತ್ತು. 1961ರಲ್ಲಿ ಅಹಮದಾಬಾದಿನ ಭಾರತೀಯ ನಿರ್ವಹಣಾ ಸಂಸ್ಥೆ ಹುಟ್ಟಿದ್ದರ ಹಿಂದೆಯೂ ಅವರ ದುಡಿಮೆ ಇದೆ. ಈ ಭೌತ ಸಂಶೋಧನಾ ಪ್ರಯೋಗಾಲಯದಲ್ಲೇ ಉಡುಪಿ ಬಳಿಯ ಅದಮಾರಿನ ಯು.ಆರ್. ರಾವ್ ಸಾರಾಭಾಯ್ ಅವರ ವಿದ್ಯಾರ್ಥಿಯಾಗಿ ಸಂಶೋಧನೆ ಮಾಡಿದರು. ಮುಂದೆ ಬೆಂಗಳೂರಿನ ಪೀಣ್ಯದ ಶೆಡ್ಡುಗಳಲ್ಲಿ ದೇಶದ ಮೊದಲ ಉಪಗ್ರಹ ಆರ್ಯಭಟವನ್ನು ಕಟ್ಟಿದ ತಂಡದ ಮುಂದಾಳು ಇವರೇ.

ಈಗ ತುಂಬಾದ ಚರ್ಚಿಗೆ ಬರೋಣ. 1962ರಲ್ಲಿ ಬಾಹ್ಯಾಕಾಶ ಸಂಶೋಧನೆಗಾಗಿ ಒಂದು ರಾಷ್ಟ್ರೀಯ ಸಮಿತಿ ರಚನೆಯಾಯಿತು. ಅಧ್ಯಕ್ಷರು ಸಾರಾಭಾಯ್. ರಾಕೆಟ್ ಹಾರಿಸಲು ಜಾಗ ಬೇಕಿತ್ತು. ಭೂಮಿಯ ಕಾಂತೀಯ ಸಮಭಾಜಕ ರೇಖೆ ತುಂಬಾದ ತೀರಾ ಹತ್ತಿರ ಹಾದುಹೋಗುತ್ತಿತ್ತು. ಆ ರೇಖೆಯ ಮೇಲ್ಗಡೆ ಸುಮಾರು 100 ಕಿಲೊಮೀಟರ್ ಎತ್ತರದಲ್ಲಿ ಹಗಲು ಹೊತ್ತು ಒಂದು ಬಲವಾದ ವಿದ್ಯುತ್ ಪ್ರವಾಹ ಹರಿಯುತ್ತದೆ. ಬಲೂನು ಅಷ್ಟು ಎತ್ತರಕ್ಕೆ ಏರಲಾರದು. ಉಪಗ್ರಹ ಅಷ್ಟು ಕೆಳಗೆ ಸುತ್ತಲಾರದು. ಅಲ್ಲಿಗೆ ಉಪಕರಣ ಕಳಿಸಲು ಪುಟ್ಟ ರಾಕೆಟ್ಟೇ ಬೇಕು.

ಆದರೆ ಜಾಗ ಖಾಲಿ ಇರಲಿಲ್ಲ. ಮೀನುಗಾರರ ಮನೆಗಳಿದ್ದವು, ಅವರ ಚರ್ಚಿತ್ತು. ಸಾರಾಭಾಯ್ ಬಿಷಪ್ ಪೀಟರ್ ಬರ್ನಾರ್ಡ್ ಪೆರೇರಾ ಅವರನ್ನು ಭೇಟಿಯಾಗಿ ಉದ್ದೇಶ ವಿವರಿಸಿದರು. ಬಿಷಪ್ ಆ ವಿಷಯವನ್ನು ಭಾನುವಾರದ ಪ್ರಾರ್ಥನೆಯಲ್ಲಿ ಜನರ ಮುಂದಿಟ್ಟರು. ಜನ ಒಪ್ಪಿ ಬಿಟ್ಟುಕೊಟ್ಟರು. ಚರ್ಚು ಕಾರ್ಯಾಗಾರವಾಯಿತು, ಬಿಷಪ್ಪರ ಮನೆ ಕಚೇರಿಯಾಯಿತು, ದನದ ಕೊಟ್ಟಿಗೆ ಪ್ರಯೋಗಾಲಯವಾಯಿತು. ರಾಕೆಟ್ಟಿನ ಭಾಗಗಳನ್ನು ಸೈಕಲ್ ಕ್ಯಾರಿಯರ್ ಮೇಲೆ ಇಟ್ಟುಕೊಂಡು ತಳ್ಳಿಕೊಂಡು ಹೋಗುವ ಆ ಪ್ರಸಿದ್ಧ ಫೋಟೊ ಇಲ್ಲಿಯದೇ.

1963ರ ನವೆಂಬರ್ 21ರ ಸಂಜೆ ತುಂಬಾದಿಂದ ಮೊದಲ ರಾಕೆಟ್ ಹಾರಿತು. ರಾಕೆಟ್ ಅಮೆರಿಕದ್ದು, ಅದರೊಳಗಿನ ಉಪಕರಣ ಫ್ರಾನ್ಸಿನದು. ಅದನ್ನು ಎತ್ತುವ ಕ್ರೇನ್ ಕೊನೇ ಗಳಿಗೆಯಲ್ಲಿ ಕೈಕೊಟ್ಟಿತು. ಹುಡುಗರೆಲ್ಲ ಸೇರಿ ತೋಳಬಲದಿಂದಲೇ ರಾಕೆಟ್ಟನ್ನು ಎತ್ತಿ ನಿಲ್ಲಿಸಿದರು. ಆ ತಂಡದಲ್ಲಿ ಎ.ಪಿ.ಜೆ. ಅಬ್ದುಲ್ ಕಲಾಂ ಕೂಡ ಇದ್ದರು. ಮುಸ್ಸಂಜೆಯ ಆಕಾಶದಲ್ಲಿ ಸೋಡಿಯಂ ಆವಿಯ ಕಿತ್ತಳೆ ಬಣ್ಣದ ಮೋಡ ಹರಡಿತು. ನಾಲ್ಕು ವರ್ಷಗಳ ನಂತರ, 1967ರ ನವೆಂಬರಿನಲ್ಲಿ, ನಮ್ಮವರೇ ತಯಾರಿಸಿದ ರೋಹಿಣಿ-75 ಅಲ್ಲಿಂದಲೇ ಹಾರಿತು. ಅದರ ದಪ್ಪ ಬರೀ 75 ಮಿಲಿಮೀಟರ್.

ಊಟಕ್ಕೇ ಕಷ್ಟವಿರುವ ದೇಶಕ್ಕೆ ರಾಕೆಟ್ ಏಕೆ ಎಂದು ಅಂದು ಹಲವರು ಕೇಳಿದರು. ಚಂದ್ರನತ್ತ ಓಡುವ ಶ್ರೀಮಂತ ದೇಶಗಳ ಜೊತೆ ಸ್ಪರ್ಧೆ ನಮ್ಮ ಗುರಿಯಲ್ಲ, ಜನರ ಕಷ್ಟಗಳಿಗೆ ಈ ತಂತ್ರಜ್ಞಾನವನ್ನು ಬಳಸುವುದರಲ್ಲಿ ನಾವು ಯಾರಿಗೂ ಹಿಂದೆ ಬೀಳಬಾರದು ಎಂಬುದು ಸಾರಾಭಾಯ್ ಅವರ ನಿಲುವಾಗಿತ್ತು. ಇಸ್ರೊ ಸ್ಥಾಪನೆಯಾದ 1969ರಲ್ಲೇ ಅಮೆರಿಕದ ನಾಸಾ ಜೊತೆ ಒಂದು ಒಪ್ಪಂದವಾಯಿತು. ಅವರ ಉಪಗ್ರಹವನ್ನು ಒಂದು ವರ್ಷ ಬಳಸಿಕೊಂಡು ಹಳ್ಳಿಗಳಿಗೆ ನೇರವಾಗಿ ಟಿ.ವಿ. ಕಾರ್ಯಕ್ರಮ ತಲುಪಿಸುವ ಯೋಜನೆ ಅದು. ಬೇಸಾಯ, ಆರೋಗ್ಯ, ಮಕ್ಕಳ ಪಾಠ. ಆರು ರಾಜ್ಯಗಳ 2400 ಹಳ್ಳಿಗಳು ಆಯ್ಕೆಯಾದವು. ಅವುಗಳಲ್ಲಿ ಕರ್ನಾಟಕದ ಹಳ್ಳಿಗಳೂ ಇದ್ದವು.

ಇದನ್ನು ಓದಿ ಅಜ್ಜನಿಗೆ ಹೇಳಿದೆ. ನಮ್ಮದು ರಾಯಚೂರು ಜಿಲ್ಲೆ. ಅಜ್ಜ ನಕ್ಕು, ಆ ಟಿ.ವಿ.ಯನ್ನು ತಾನೂ ನೋಡಿದ್ದೆ ಎಂದ! ಪಕ್ಕದ ಹಳ್ಳಿಯ ಶಾಲೆಯಲ್ಲಿ ಇಟ್ಟಿದ್ದರಂತೆ. ಕೋಳಿ ಗೂಡಿಗೆ ಹಾಕುವಂಥ ಜಾಲರಿಯ ದೊಡ್ಡ ಬುಟ್ಟಿ ಆಕಾಶಕ್ಕೆ ಬಾಯಿ ತೆರೆದು ನಿಂತಿತ್ತಂತೆ. ಸಂಜೆ ಹೊಲದಿಂದ ಬಂದವರು ಉಣ್ಣದೆ ಅಲ್ಲಿಗೆ ನಡೆದು ಹೋಗುತ್ತಿದ್ದರಂತೆ. ಇಷ್ಟು ವರ್ಷ ನಾನು ಕೇಳಿರಲಿಲ್ಲ, ಅವನೂ ಹೇಳಿರಲಿಲ್ಲ.

ಆ ಪ್ರಸಾರ ನಡೆದದ್ದು 1975ರ ಆಗಸ್ಟಿನಿಂದ 1976ರ ಜುಲೈವರೆಗೆ. ಅದನ್ನು ನೋಡಲು ಸಾರಾಭಾಯ್ ಇರಲಿಲ್ಲ. 1966ರ ಜನವರಿಯಲ್ಲಿ ಹೋಮಿ ಭಾಭಾ ವಿಮಾನ ಅಪಘಾತದಲ್ಲಿ ತೀರಿಕೊಂಡ ಮೇಲೆ ಪರಮಾಣು ಶಕ್ತಿ ಆಯೋಗದ ಹೊಣೆಯೂ ಇವರ ಹೆಗಲಿಗೆ ಬಿದ್ದಿತ್ತು. ಅಹಮದಾಬಾದ್, ಮುಂಬೈ, ದೆಹಲಿ, ತುಂಬಾ ಎಂದು ಸದಾ ಓಡಾಟ. 1971ರ ಡಿಸೆಂಬರ್ ಕೊನೆಯಲ್ಲಿ ಕೆಲಸದ ಮೇಲೆ ತುಂಬಾಕ್ಕೆ ಬಂದವರು ಕೋವಳಂನಲ್ಲಿ ತಂಗಿದ್ದರು. ರಾತ್ರಿ ಮಲಗಿದವರು ಮತ್ತೆ ಏಳಲಿಲ್ಲ. ಡಿಸೆಂಬರ್ 30. ವಯಸ್ಸು 52. ತುಂಬಾದ ಸಂಸ್ಥೆಗೆ ಮುಂದೆ ಅವರದೇ ಹೆಸರಿಟ್ಟರು. 2023ರ ಆಗಸ್ಟ್ 23ರಂದು ಚಂದ್ರನ ಮೇಲೆ ಇಳಿದ ಲ್ಯಾಂಡರ್‌ನ ಹೆಸರೂ ವಿಕ್ರಮ್.

ಅವರ ಬದುಕಿನಲ್ಲಿ ಅಷ್ಟಾಗಿ ಪ್ರಚಾರವಾಗದ ಇನ್ನೊಂದು ಕೆಲಸವಿದೆ. ನನಗೆ ಅದೇ ಹೆಚ್ಚು ಹಿಡಿಸಿತು. 1966ರಲ್ಲಿ ಅವರು ಅಹಮದಾಬಾದಿನಲ್ಲಿ ಸಮುದಾಯ ವಿಜ್ಞಾನ ಕೇಂದ್ರ ಆರಂಭಿಸಿದರು. ಶಾಲಾ ಮಕ್ಕಳು, ಶಿಕ್ಷಕರು, ಸಾಮಾನ್ಯ ಜನ ಯಾರು ಬೇಕಾದರೂ ಬಂದು ತಾವೇ ಪ್ರಯೋಗ ಮಾಡಿ ನೋಡುವ ಜಾಗ ಅದು. 1968ರ ಡಿಸೆಂಬರಿನಲ್ಲಿ ಅದರ ಶಿಲಾನ್ಯಾಸಕ್ಕೆ ಬಂದವರು ಗುರು ಸಿ.ವಿ. ರಾಮನ್. ಆಕಾಶ ಏಕೆ ನೀಲಿ ಎಂಬ ವಿಷಯದ ಮೇಲೆ ಅವರು ಅಂದು ಉಪನ್ಯಾಸ ಕೊಟ್ಟರು. ವಿಕ್ರಮ್ ಹುಡುಗನಾಗಿದ್ದಾಗ ಕಟ್ಟಿದ ಆ ಪುಟ್ಟ ರೈಲು ಎಂಜಿನ್ ಈಗ ಇರುವುದೂ ಇದೇ ಕೇಂದ್ರದಲ್ಲಿ.

ಹೀಗಾಗಿ, ಬಾಹ್ಯಾಕಾಶ ವಸ್ತುಸಂಗ್ರಹಾಲಯ ಹೇಗಿರಬೇಕು ಎಂಬ ಪ್ರಶ್ನೆಗೆ ಉತ್ತರ ಸಾರಾಭಾಯ್ ಅವರ ಬದುಕಿನಲ್ಲೇ ಇದೆ ಎನಿಸುತ್ತದೆ. ನಾವು ಇಂಥ ಕಡೆ ಹೋದಾಗ ಏನು ಮಾಡುತ್ತೇವೆ? ದೊಡ್ಡ ರಾಕೆಟ್ಟಿನ ಮುಂದೆ ಸೆಲ್ಫಿ ತೆಗೆದುಕೊಂಡು, ಫಲಕಗಳನ್ನು ಅರ್ಧ ಓದಿ ಬರುತ್ತೇವೆ. ತಪ್ಪು ನಮ್ಮದೂ ಹೌದು. ಮಾದರಿಗಳು ಬೇಕು, ಅವುಗಳ ಪಕ್ಕದಲ್ಲಿ ಕೈಗೆ ಕೆಲಸ ಕೊಡುವ ಒಂದು ಮೇಜೂ ಇರಲಿ. ತುಂಬಾದಂಥ ಜಾಗದಲ್ಲಿ ಮೇಲೆ ಕೆಳಗೆ ತಿರುಗಬಲ್ಲ ಒಂದು ಕಾಂತಸೂಜಿ ಸಾಕು. ಬೇರೆ ಊರುಗಳಲ್ಲಿ ಓರೆಯಾಗಿ ನಿಲ್ಲುವ ಸೂಜಿ ಅಲ್ಲಿ ಹೆಚ್ಚುಕಡಿಮೆ ನೆಲಕ್ಕೆ ಸಮನಾಗಿ ಮಲಗುತ್ತದೆ. ಇದೇ ಊರು ಏಕೆ ಎಂಬುದನ್ನು ಉದ್ದನೆಯ ಫಲಕಕ್ಕಿಂತ ಅದು ಚೆನ್ನಾಗಿ ಹೇಳುತ್ತದೆ. ಚರ್ಚು ಬಿಟ್ಟುಕೊಟ್ಟ ಮೀನುಗಾರ ಕುಟುಂಬಗಳ ಮೊಮ್ಮಕ್ಕಳು ಬಂದವರಿಗೆ ತಮ್ಮ ಮನೆಯ ನೆನಪುಗಳನ್ನು ಹೇಳುವಂತಾಗಲಿ. 1975ರಲ್ಲಿ ಟಿ.ವಿ. ನೋಡಿದ ಹಳ್ಳಿಗರ ಮಾತುಗಳನ್ನು ಅವರವರ ಭಾಷೆಯಲ್ಲೇ ದಾಖಲಿಸಿ ಕೇಳಿಸಲಿ. ಯೋಜನೆ ಅವರಿಗಾಗಿಯೇ ಇತ್ತಲ್ಲವೇ? ಸೋಲುಗಳಿಗೂ ಒಂದು ಮೂಲೆ ಇರಲಿ. 1979ರ ಆಗಸ್ಟಿನಲ್ಲಿ ನಮ್ಮ ಮೊದಲ ಉಪಗ್ರಹ ವಾಹಕ ಎಸ್‌ಎಲ್‌ವಿ-3 ಸಮುದ್ರಕ್ಕೆ ಬಿದ್ದಿತು, 1980ರ ಜುಲೈನಲ್ಲಿ ಅದೇ ವಾಹಕ ಗೆದ್ದಿತು. ನನ್ನಂತೆ ಪರೀಕ್ಷೆ ಕೆಟ್ಟು ಬಂದವರು ಆ ಮೂಲೆಯಲ್ಲಿ ಹೆಚ್ಚು ಹೊತ್ತು ನಿಲ್ಲುತ್ತಾರೆ.

ದೊಡ್ಡ ಸಂಗ್ರಹಾಲಯವನ್ನು ಬದಲಿಸುವುದು ನನ್ನ ಕೈಯಲ್ಲಿಲ್ಲ. ಆದರೆ ಕಟ್ಟಡಕ್ಕಾಗಿ ಕಾಯದೆ ಕೆಲಸ ಶುರುಮಾಡಿದವರ ಬಗ್ಗೆ ಓದಿ ಸುಮ್ಮನೆ ಕೂರಲಾಗಲಿಲ್ಲ. ನಮ್ಮೂರಿನ ಗ್ರಂಥಾಲಯದಲ್ಲೇ ನಾನು ದಿನಾ ಪರೀಕ್ಷೆಗೆ ಓದುವುದು. ಅಲ್ಲಿನ ಒಂದು ಹಳೆಯ ಮೇಜನ್ನು ಕೇಳಿ ಪಡೆದೆ. ಹೊಲಿಗೆ ಸೂಜಿಯ ನಡುವಿಗೆ ದಾರ ಕಟ್ಟಿ, ಸಮನಾಗಿ ತೂಗುವಂತೆ ಮಾಡಿದೆ. ನಂತರ ಅಯಸ್ಕಾಂತ ತಿಕ್ಕಿ ಮತ್ತೆ ತೂಗುಹಾಕಿದೆ. ಸೂಜಿ ಉತ್ತರಕ್ಕೆ ತಿರುಗಿ ತುದಿಯನ್ನು ಸ್ವಲ್ಪ ಕೆಳಗೆ ಬಾಗಿಸಿತು. ಪಕ್ಕದಲ್ಲಿ ಅಜ್ಜ ಹೇಳಿದ ಟಿ.ವಿ. ನೆನಪುಗಳನ್ನು ಎರಡು ಹಾಳೆಯಲ್ಲಿ ಬರೆದು ಅಂಟಿಸಿದ್ದೇನೆ. ಭಾನುವಾರ ಏಳೆಂಟು ಮಕ್ಕಳು ಬರುತ್ತಾರೆ. ಕಳೆದ ವಾರ ಆರನೇ ತರಗತಿಯ ಒಬ್ಬಳು, ಈ ಸೂಜಿ ಯಾವ ಊರಲ್ಲಿ ಸಮನಾಗಿ ನಿಲ್ಲುತ್ತದೆ ಎಂದು ಕೇಳಿದಳು. ತುಂಬಾದ ಕಥೆ ಹೇಳಿದೆ.

ಮುಂದಿನ ತಿಂಗಳು ಮತ್ತೆ ಪರೀಕ್ಷೆ ಇದೆ, ಓದುತ್ತಿದ್ದೇನೆ. ಭಾನುವಾರದ ಎರಡು ಗಂಟೆ ಮಾತ್ರ ಆ ಮೇಜಿನದು.