ಚಾರ್ಲ್ಸ್ ಗುಡ್‌ನೈಟ್

ಚಾರ್ಲ್ಸ್ ಗುಡ್‌ನೈಟ್ (5 ಮಾರ್ಚ್ 1836 – 12 ಡಿಸೆಂಬರ್ 1929) ಅಮೆರಿಕ ಸಂಯುಕ್ತ ಸಂಸ್ಥಾನದ ಟೆಕ್ಸಾಸ್ ರಾಜ್ಯದ ಪ್ರಸಿದ್ಧ ಪಶುಪಾಲಕರು. ಆಲಿವರ್ ಲವಿಂಗ್ ಅವರೊಡನೆ ಗುಡ್‌ನೈಟ್–ಲವಿಂಗ್ ದನದ ಹಾದಿಯನ್ನು ತೆರೆದವರೆಂದೂ, ಟೆಕ್ಸಾಸಿನ ಉತ್ತರದ ಪ್ಯಾನ್‌ಹ್ಯಾಂಡಲ್ ಪ್ರದೇಶದಲ್ಲಿ ಮೊದಲ ದೊಡ್ಡ ರಾಂಚ್ ಸ್ಥಾಪಿಸಿದವರೆಂದೂ ಹೆಸರಾಗಿದ್ದಾರೆ. ಮಾಂಸಕ್ಕಾಗಿ ಸಾಕಿದ ದನಗಳಲ್ಲಿ ಯಾವುದನ್ನು, ಯಾವಾಗ, ಯಾರಿಗೆ ಮಾರಬೇಕು ಎಂಬ ತೀರ್ಮಾನಗಳೇ ಅವರ ಏಳುಬೀಳುಗಳನ್ನು ಬಹುಮಟ್ಟಿಗೆ ನಿರ್ಧರಿಸಿದವು.

ಬಾಲ್ಯ ಮತ್ತು ಆರಂಭಿಕ ಜೀವನ

ಗುಡ್‌ನೈಟ್ ಇಲಿನಾಯ್ ರಾಜ್ಯದ ಮಕೂಪಿನ್ ಕೌಂಟಿಯಲ್ಲಿ ಜನಿಸಿದರು. ಅವರ ಬಾಲ್ಯದಲ್ಲಿಯೇ ಕುಟುಂಬವು ಟೆಕ್ಸಾಸಿಗೆ ವಲಸೆ ಬಂದಿತು. 1856ರಲ್ಲಿ ಅವರು ಮಲಸಹೋದರ ಜಾನ್ ವೆಸ್ಲಿ ಶೀಕ್ ಜೊತೆಗೂಡಿ ಸುಮಾರು 400 ದನಗಳ ಹಿಂಡೊಂದನ್ನು ಪಾಲಿಗೆ ಸಾಕಲು ವಹಿಸಿಕೊಂಡರು. ಹುಟ್ಟಿದ ನಾಲ್ಕು ಕರುಗಳಲ್ಲಿ ಒಂದು ಅವರ ಪಾಲು. ಅವರ ಸ್ವಂತ ಹಿಂಡು ಬೆಳೆದದ್ದು ಹೀಗೆ. ಮುಂದೆ ಅವರು ಟೆಕ್ಸಾಸ್ ರೇಂಜರ್ ದಳದಲ್ಲಿಯೂ, ಅಂತರ್ಯುದ್ಧದ ಕಾಲದಲ್ಲಿ ಗಡಿಕಾವಲು ಪಡೆಯಲ್ಲಿಯೂ ಮಾರ್ಗದರ್ಶಕರಾಗಿ ಸೇವೆ ಸಲ್ಲಿಸಿದರು.

1866ರ ದನದ ಪಯಣ

1865ರಲ್ಲಿ ಅಂತರ್ಯುದ್ಧ ಮುಗಿದಾಗ ಟೆಕ್ಸಾಸಿನಲ್ಲಿ ದನಗಳು ವಿಪರೀತವಾಗಿ ಹೆಚ್ಚಿದ್ದವು, ಕೊಳ್ಳುವವರು ಇರಲಿಲ್ಲ. ಉತ್ತರದ ನಗರಗಳಲ್ಲಿ ಬೆಲೆ ಹಲವು ಪಟ್ಟು ಹೆಚ್ಚಾಗಿತ್ತು. ಆದ್ದರಿಂದ 1866ರಲ್ಲಿ ಬಹುಪಾಲು ಪಶುಪಾಲಕರು ಮಿಸೌರಿ ರಾಜ್ಯದ ರೈಲು ನಿಲ್ದಾಣಗಳ ಕಡೆಗೆ ಹಿಂಡುಗಳನ್ನು ಅಟ್ಟಿದರು. ಟೆಕ್ಸಾಸ್ ಜ್ವರ ತಮ್ಮ ದನಗಳಿಗೂ ತಗಲೀತೆಂದು ಹೆದರಿದ ಅಲ್ಲಿನ ರೈತರು ಅನೇಕ ಹಿಂಡುಗಳನ್ನು ದಾರಿಯಲ್ಲೇ ತಡೆದರು.

ಗುಡ್‌ನೈಟ್ ಮತ್ತು ಲವಿಂಗ್ ಪಶ್ಚಿಮದ ದಾರಿಯನ್ನು ಆರಿಸಿಕೊಂಡರು. ನ್ಯೂ ಮೆಕ್ಸಿಕೊದ ಫೋರ್ಟ್ ಸಮ್ನರ್ ಬಳಿ ಸೈನ್ಯವು ಸುಮಾರು 8,000 ನವಾಹೊ ಮೂಲನಿವಾಸಿಗಳನ್ನು ಬಂಧನದಲ್ಲಿರಿಸಿತ್ತು. ಅಲ್ಲಿ ಬೆಳೆ ಕೈಕೊಟ್ಟು ಆಹಾರದ ಕೊರತೆ ತೀವ್ರವಾಗಿತ್ತು. ಸುಮಾರು 2,000 ದನಗಳು ಮತ್ತು 18 ಜನರೊಂದಿಗೆ ಇಬ್ಬರೂ ಹೊರಟರು. ಈ ಪ್ರಯಾಣಕ್ಕಾಗಿ ಸೈನ್ಯದ ಹಳೆಯ ಬಂಡಿಯೊಂದಕ್ಕೆ ಅಡುಗೆಯ ಪೆಟ್ಟಿಗೆಯನ್ನು ಜೋಡಿಸಿ ಗುಡ್‌ನೈಟ್ ರೂಪಿಸಿದ ಅಡುಗೆ ಬಂಡಿಯು ಮುಂದೆ ದನಗಾಹಿಗಳೆಲ್ಲರ ಸಾಮಾನ್ಯ ಸಾಧನವಾಯಿತು. ಪೇಕಸ್ ನದಿಯನ್ನು ಮುಟ್ಟುವ ಮೊದಲು ಸುಮಾರು 80 ಮೈಲಿ ನೀರಿಲ್ಲದ ನೆಲವನ್ನು ದಾಟಬೇಕಾಗಿದ್ದುದರಿಂದ ನೂರಾರು ದನಗಳು ಸತ್ತವು.

ಫೋರ್ಟ್ ಸಮ್ನರ್‌ನಲ್ಲಿ ಬೀಜ ಒಡೆದ ಬೆಳೆದ ಹೋರಿಗಳಿಗೆ ಜೀವಂತ ತೂಕದ ಮೇಲೆ ಪೌಂಡಿಗೆ 8 ಸೆಂಟ್ ದರ ದೊರೆಯಿತು. ಒಟ್ಟು ಸುಮಾರು 12,000 ಡಾಲರ್ ಕೈಗೆ ಬಂದಿತು. ಹಸು ಕರುಗಳನ್ನು ಅಲ್ಲಿ ಕೊಳ್ಳಲಿಲ್ಲ. ಉಳಿದ ಆ 700–800 ದನಗಳನ್ನು ಸಿಕ್ಕ ಬೆಲೆಗೆ ಕೊಡದೆ ಲವಿಂಗ್ ಕೊಲೊರಾಡೊದ ಡೆನ್ವರ್‌ವರೆಗೆ ನಡೆಸಿಕೊಂಡು ಹೋಗಿ ಜಾನ್ ವೆಸ್ಲಿ ಇಲಿಫ್ ಎಂಬ ಪಶುಪಾಲಕರಿಗೆ ಮಾರಿದರು. ಬೇಡಿಕೆ ಇಳಿಯುವ ಮೊದಲೇ ಎರಡನೆಯ ಹಿಂಡನ್ನು ತರಲು ಗುಡ್‌ನೈಟ್ ಹಣದೊಂದಿಗೆ ಟೆಕ್ಸಾಸಿಗೆ ಹಿಂದಿರುಗಿದರು. ಮಾಂಸಕ್ಕೆ ಸಿದ್ಧವಾದ ದನವನ್ನೂ ತಳಿ ಬೆಳೆಸುವ ದನವನ್ನೂ ಬೇರ್ಪಡಿಸಿ, ಒಂದೊಂದನ್ನೂ ಅದಕ್ಕೆ ತಕ್ಕ ಗಿರಾಕಿಗೆ ಮಾರಿದುದು ಈ ಪಯಣದ ಲಾಭಕ್ಕೆ ಮುಖ್ಯ ಕಾರಣವಾಯಿತು.

ಲವಿಂಗ್ ಮರಣ ಮತ್ತು ಕೊಲೊರಾಡೊ ವಾಸ

1867ರ ಪಯಣದಲ್ಲಿ ಕೊಮಾಂಚೆ ಯೋಧರ ದಾಳಿಗೆ ಸಿಲುಕಿ ಗಾಯಗೊಂಡ ಲವಿಂಗ್ ಅದೇ ಸೆಪ್ಟೆಂಬರಿನಲ್ಲಿ ಫೋರ್ಟ್ ಸಮ್ನರ್‌ನಲ್ಲಿ ನಿಧನರಾದರು. ಅವರ ಕೊನೆಯ ಇಚ್ಛೆಯಂತೆ ಗುಡ್‌ನೈಟ್ ಶವವನ್ನು ಟೆಕ್ಸಾಸಿನ ವೆದರ್‌ಫರ್ಡ್ ಊರಿಗೆ ಸಾಗಿಸಿದರು. ಪಾಲುದಾರಿಕೆಯ ಲಾಭದಲ್ಲಿ ಲವಿಂಗ್ ಕುಟುಂಬಕ್ಕೂ ಪಾಲು ಕೊಟ್ಟರು.

1868ರ ಒಪ್ಪಂದದಂತೆ ನವಾಹೊ ಜನರು ತಾಯ್ನೆಲಕ್ಕೆ ಮರಳಿದಾಗ ಫೋರ್ಟ್ ಸಮ್ನರ್‌ನ ಆ ಮಾರುಕಟ್ಟೆ ಮುಚ್ಚಿಹೋಯಿತು. ಗುಡ್‌ನೈಟ್ ಈ ವೇಳೆಗಾಗಲೇ ಕೊಲೊರಾಡೊ ಮತ್ತು ವಯೋಮಿಂಗ್ ಕಡೆಗೆ ಮುಖ ಮಾಡಿದ್ದರು. ರಟೋನ್ ಕಣಿವೆಯಲ್ಲಿ ದನಗಳಿಗೆ ಸುಂಕ ಕೇಳಿದ್ದರಿಂದ ಟ್ರಿಂಚೆರಾ ಕಣಿವೆಯ ಮೂಲಕ ಬೇರೆ ದಾರಿಯನ್ನೇ ಮಾಡಿಕೊಂಡರು. 1870ರಲ್ಲಿ ಮೇರಿ ಆನ್ (ಮಾಲಿ) ಡಯರ್ ಅವರನ್ನು ವಿವಾಹವಾಗಿ ಕೊಲೊರಾಡೊದ ಪ್ವೆಬ್ಲೊ ಬಳಿ ನೆಲೆಸಿದರು. ಅಲ್ಲಿ ಬ್ಯಾಂಕ್ ಸ್ಥಾಪನೆಯಲ್ಲಿಯೂ ಭಾಗಿಯಾದರು. ಆದರೆ 1873ರ ಆರ್ಥಿಕ ಕುಸಿತದಲ್ಲಿ ಅವರ ಸಂಪತ್ತಿನ ಬಹುಭಾಗ ನಾಶವಾಯಿತು.

ಜೆಎ ರಾಂಚ್

1876ರಲ್ಲಿ ಗುಡ್‌ನೈಟ್ ಸುಮಾರು 1,600 ದನಗಳನ್ನು ಟೆಕ್ಸಾಸಿನ ಪಾಲೊ ಡ್ಯೂರೊ ಕಣಿವೆಗೆ ಇಳಿಸಿದರು. ಕಡಿದಾದ ಗೋಡೆಗಳಿದ್ದ ಈ ಕಣಿವೆಯಲ್ಲಿ ನೀರು, ಹುಲ್ಲು ಮತ್ತು ಚಳಿಗಾಳಿಯಿಂದ ಆಸರೆ ಮೂರೂ ಇದ್ದವು. ಮರುವರ್ಷ ಐರ್ಲೆಂಡಿನ ಜಾನ್ ಜಾರ್ಜ್ ಅಡೇರ್ ಬಂಡವಾಳ ಹೂಡಲು ಒಪ್ಪಿದರು. ಐದು ವರ್ಷಗಳ ಒಪ್ಪಂದದ ಪ್ರಕಾರ ಗುಡ್‌ನೈಟ್‌ಗೆ ವಾರ್ಷಿಕ 2,500 ಡಾಲರ್ ವೇತನ. ಬಂಡವಾಳವನ್ನು ಶೇಕಡಾ 10 ಬಡ್ಡಿಯೊಂದಿಗೆ ತೀರಿಸಿದ ಬಳಿಕ ಉಳಿದ ಆಸ್ತಿಯಲ್ಲಿ ಮೂರನೆಯ ಒಂದು ಭಾಗ ಅವರದು.

ಬಯಲು ಹುಲ್ಲನ್ನೇ ನಂಬಿದ ದನವು ವಸಂತ ಮತ್ತು ಬೇಸಿಗೆಯಲ್ಲಿ ಮೈದುಂಬಿ ಚಳಿಗಾಲದಲ್ಲಿ ಸೊರಗುತ್ತದೆ. ಸೊರಗುವ ಮೊದಲು ಮಾರಿದರೆ ಒಳ್ಳೆಯ ತೂಕ ಸಿಗುತ್ತದೆ. ಆದರೆ ಅವಸರದಿಂದ ಅಟ್ಟಿದರೆ ದಾರಿಯಲ್ಲಿಯೇ ಆ ತೂಕ ಕರಗುತ್ತದೆ. 1878ರಲ್ಲಿ ಗುಡ್‌ನೈಟ್ ಪಾಲೊ ಡ್ಯೂರೊದಿಂದ ಕಾನ್ಸಾಸ್ ರಾಜ್ಯದ ಡಾಡ್ಜ್ ಸಿಟಿ ರೈಲು ನಿಲ್ದಾಣಕ್ಕೆ ಸುಮಾರು 250 ಮೈಲಿಯ ಹಾದಿಯನ್ನು ಗುರುತಿಸಿದರು. ಕೊರಳಿಗೆ ಗಂಟೆ ಕಟ್ಟಿದ ‘ಓಲ್ಡ್ ಬ್ಲೂ’ ಎಂಬ ಹೋರಿ ಹಲವು ವರ್ಷ ಈ ಹಿಂಡುಗಳನ್ನು ಮುನ್ನಡೆಸಿತು. ಷಾರ್ಟ್‌ಹಾರ್ನ್ ಮತ್ತು ಹೆರೆಫರ್ಡ್ ತಳಿಯ ಬೀಜದ ಹೋರಿಗಳನ್ನು ತಂದು ಹೆಚ್ಚು ಮಾಂಸ ಕೊಡುವ ಮಿಶ್ರತಳಿಯನ್ನೂ ಬೆಳೆಸಿದರು. ಉಣುಗುಗಳಿಂದ ಹರಡುವ ಟೆಕ್ಸಾಸ್ ಜ್ವರವು ತಮ್ಮ ದನಗಳಿಗೆ ತಗಲದಂತೆ ದಕ್ಷಿಣದ ಹಿಂಡುಗಳನ್ನು ಗೊತ್ತಾದ ದಾರಿಯಲ್ಲೇ ಹೋಗಗೊಟ್ಟರು. 1880ರಲ್ಲಿ ಸ್ಥಾಪನೆಯಾದ ಪ್ಯಾನ್‌ಹ್ಯಾಂಡಲ್ ಪಶುಪಾಲಕರ ಸಂಘಕ್ಕೆ ಅವರೇ ಮೊದಲ ಅಧ್ಯಕ್ಷರು.

1882ರಲ್ಲಿ ಮೊದಲ ಒಪ್ಪಂದ ಮುಗಿದಾಗ ಐದು ವರ್ಷಗಳ ನಿವ್ವಳ ಲಾಭ 5,12,000 ಡಾಲರ್ ಆಗಿತ್ತು. ಇದಕ್ಕೆ ಗುಡ್‌ನೈಟ್ ಅವರ ಜಾಣ್ಮೆಯೊಂದೇ ಕಾರಣವಲ್ಲ. ಆ ವರ್ಷಗಳಲ್ಲಿ ದನದ ಬೆಲೆಯೂ ಏರುತ್ತಿತ್ತು. 1885ರ ವೇಳೆಗೆ ರಾಂಚ್ ಹತ್ತು ಲಕ್ಷ ಎಕರೆಗೂ ಮೀರಿ, ದನಗಳ ಸಂಖ್ಯೆ ಒಂದು ಲಕ್ಷವನ್ನು ದಾಟಿತು. ಅದೇ ವರ್ಷ ಅಡೇರ್ ನಿಧನರಾದರು. ಪಶ್ಚಿಮದ ಬಯಲುಗಳಲ್ಲಿ ಮೇವಿಗೆ ಮೀರಿ ದನಗಳು ತುಂಬಿದ್ದವು, ಬೆಲೆ ಕುಸಿಯತೊಡಗಿತ್ತು. 1886–87ರ ಕಠಿಣ ಚಳಿಗಾಲವು ಅನೇಕ ಒಡೆಯರನ್ನು ದಿವಾಳಿಯಾಗಿಸಿತು. 1887ರಲ್ಲಿ ಗುಡ್‌ನೈಟ್ ತಮ್ಮ ಪಾಲನ್ನು ಪಡೆದು ಜೆಎ ರಾಂಚಿನಿಂದ ಹೊರಬಂದರು.

ಕೊನೆಯ ದಿನಗಳು

ಮುಂದೆ ಅವರು ಇಂದು ಅವರ ಹೆಸರನ್ನೇ ಹೊತ್ತಿರುವ ಗುಡ್‌ನೈಟ್ ಊರಿನ ಬಳಿ ಸಣ್ಣ ರಾಂಚ್ ನಡೆಸಿದರು. ಮೆಕ್ಸಿಕೊದ ಗಣಿ ವ್ಯವಹಾರದಲ್ಲಿ ತೊಡಗಿಸಿದ ಹಣ ನಷ್ಟವಾಯಿತು. ಬೇಟೆಯಿಂದ ಅಳಿವಿನ ಅಂಚಿಗೆ ಬಂದಿದ್ದ ಕಾಡೆಮ್ಮೆ ಬೈಸನ್‌ನ ಕರುಗಳನ್ನು ಮಾಲಿ ಅವರ ಒತ್ತಾಸೆಯಿಂದ ಸಾಕಿ ಬೆಳೆಸಿದರು. ಅವುಗಳ ಸಂತತಿ ಇಂದು ಟೆಕ್ಸಾಸಿನ ಕ್ಯಾಪ್ರಾಕ್ ಕ್ಯಾನಿಯನ್ಸ್ ಉದ್ಯಾನದಲ್ಲಿದೆ. 1926ರಲ್ಲಿ ಮಾಲಿ ನಿಧನರಾದರು. 1927ರಲ್ಲಿ ಗುಡ್‌ನೈಟ್ ಮರುವಿವಾಹವಾದರು. 1929ರಲ್ಲಿ ಅರಿಜೋನಾದ ಫೀನಿಕ್ಸ್‌ನಲ್ಲಿ ತೀರಿಕೊಂಡರು. ಅವರ ಸಮಾಧಿ ಗುಡ್‌ನೈಟ್ ಊರಿನಲ್ಲಿದೆ. ಜೆ. ಎವೆಟ್ಸ್ ಹೇಲಿ ಬರೆದ ಅವರ ಜೀವನಚರಿತ್ರೆ 1936ರಲ್ಲಿ ಪ್ರಕಟವಾಯಿತು.