ತವರು ತಂಡ ಬಿಟ್ಟ ಸ್ಟ್ಯಾನ್ಲಿ ಮ್ಯಾಥ್ಯೂಸ್: ಒಮ್ಮೆ ತಡೆದ ಊರು, 14 ವರ್ಷ ಕಾದ ಊರು

1938ರ ಫೆಬ್ರವರಿ. ಇಂಗ್ಲೆಂಡಿನ ಸ್ಟೋಕ್-ಆನ್-ಟ್ರೆಂಟ್ ನಗರದ ಕಿಂಗ್ಸ್ ಹಾಲ್ ಸಭಾಂಗಣದಲ್ಲಿ 3 ಸಾವಿರಕ್ಕೂ ಹೆಚ್ಚು ಜನ ಸೇರಿದ್ದರು. ಒಳಗೆ ಜಾಗ ಸಿಗದೆ ಇನ್ನೊಂದು ಸಾವಿರ ಮಂದಿ ಫಲಕ ಹಿಡಿದು ಹೊರಗೆ ನಿಂತಿದ್ದರು. ಅದು ಚುನಾವಣಾ ಸಭೆಯಲ್ಲ, ಕಾರ್ಮಿಕರ ಮುಷ್ಕರವೂ ಅಲ್ಲ. ಊರಿನ ಫುಟ್‌ಬಾಲ್ ತಂಡದ 23 ವರ್ಷದ ಆಟಗಾರನೊಬ್ಬ ತಂಡ ಬಿಡಲು ಅರ್ಜಿ ಕೊಟ್ಟಿದ್ದ. ಅವನು ಹೋಗಕೂಡದು ಎಂದು ಹೇಳಲು ಊರೇ ಬಂದಿತ್ತು.

ಆ ಆಟಗಾರ ಸ್ಟ್ಯಾನ್ಲಿ ಮ್ಯಾಥ್ಯೂಸ್. ಮುಂದೆ, ಆಗ ಯುರೋಪಿನ ಶ್ರೇಷ್ಠ ಆಟಗಾರನಿಗೆ ಕೊಡುತ್ತಿದ್ದ ಬ್ಯಾಲನ್ ಡಿ'ಓರ್ ಪ್ರಶಸ್ತಿ ಪಡೆದ ಮೊದಲಿಗರು. 50 ವರ್ಷ ತುಂಬಿದ ಮೇಲೂ ಇಂಗ್ಲೆಂಡಿನ ಅಗ್ರ ಲೀಗ್‌ನಲ್ಲಿ ಆಡಿದವರು. ಇಂದು ಐಪಿಎಲ್ ಹರಾಜಿನಲ್ಲಿ ಆಟಗಾರರು ವರ್ಷಕ್ಕೊಂದು ತಂಡ ಬದಲಿಸಿದರೂ ಅಭಿಮಾನಿಗಳು ಎರಡು ದಿನ ಬೇಸರ ಮಾಡಿಕೊಂಡು ಮರೆಯುತ್ತಾರೆ. ಆದರೆ ಮ್ಯಾಥ್ಯೂಸ್ ಮತ್ತು ಅವರ ಊರಿನ ನಡುವಿನ ಮುನಿಸು, ವಿರಹ, ಮರುಮಿಲನದ ಕಥೆ ಒಂದು ಜೀವಮಾನದಷ್ಟು ಉದ್ದ.

ಪಿಂಗಾಣಿ ಊರಿನ ಹುಡುಗ

ಆರು ಪಟ್ಟಣಗಳು ಸೇರಿ ಆದ ಊರು ಸ್ಟೋಕ್-ಆನ್-ಟ್ರೆಂಟ್. ಕಪ್ಪು, ತಟ್ಟೆ, ಟೀ ಪಾತ್ರೆಗಳನ್ನು ಜಗತ್ತಿಗೆಲ್ಲ ಕಳುಹಿಸುತ್ತಿದ್ದ ಪಿಂಗಾಣಿ ಕಾರ್ಖಾನೆಗಳು, ಕಲ್ಲಿದ್ದಲು ಗಣಿಗಳು, ಹೊಗೆ ಉಗುಳುವ ಕುಲುಮೆಗಳು ಅಲ್ಲಿನ ಗುರುತು. ವಾರವಿಡೀ ದುಡಿದ ಜನರಿಗೆ ಶನಿವಾರ ಮಧ್ಯಾಹ್ನದ ಫುಟ್‌ಬಾಲ್ ಪಂದ್ಯವೇ ಹಬ್ಬ.

ಆ ಆರು ಪಟ್ಟಣಗಳಲ್ಲಿ ಒಂದಾದ ಹ್ಯಾನ್ಲಿಯಲ್ಲಿ 1915ರ ಫೆಬ್ರವರಿ 1ರಂದು ಮ್ಯಾಥ್ಯೂಸ್ ಹುಟ್ಟಿದರು. ತಂದೆ ಜ್ಯಾಕ್ ಮ್ಯಾಥ್ಯೂಸ್ ಕ್ಷೌರದಂಗಡಿ ನಡೆಸುತ್ತಿದ್ದರು, ಜೊತೆಗೆ ಬಾಕ್ಸರ್ ಆಗಿಯೂ ಹೆಸರು ಮಾಡಿದ್ದರು. ಬೆಳಗಿನ ವ್ಯಾಯಾಮ, ಮಿತ ಆಹಾರ, ಶಿಸ್ತು ಮಗನಿಗೆ ಬಂದದ್ದು ಈ ತಂದೆಯಿಂದಲೇ. ಮ್ಯಾಥ್ಯೂಸ್ ಮದ್ಯ ಮುಟ್ಟಲಿಲ್ಲ. ಸೋಮವಾರ ಉಪವಾಸ ಇರುವುದನ್ನೂ ರೂಢಿಸಿಕೊಂಡಿದ್ದರು.

ಬಾಲ್ಯದಲ್ಲಿ ಅವರ ಒಲವು ಅದೇ ನಗರದ ಇನ್ನೊಂದು ತಂಡ ಪೋರ್ಟ್ ವೇಲ್ ಮೇಲಿತ್ತು. ಆದರೆ 15ನೇ ವಯಸ್ಸಿನಲ್ಲಿ ಕೆಲಸ ಸಿಕ್ಕಿದ್ದು ಸ್ಟೋಕ್ ಸಿಟಿಯಲ್ಲಿ, ಅದೂ ಕಚೇರಿಯ ಹುಡುಗನಾಗಿ. 17 ತುಂಬಿದ ದಿನವೇ ವೃತ್ತಿಪರ ಆಟಗಾರನಾಗಿ ಸಹಿ ಹಾಕಿದರು. ಮರು ಋತುವಿನಲ್ಲೇ ಸ್ಟೋಕ್ ಎರಡನೇ ಡಿವಿಷನ್ ಗೆದ್ದು ಅಗ್ರ ಲೀಗ್‌ಗೆ ಏರಿತು. 1934ರಲ್ಲಿ, 19ನೇ ವಯಸ್ಸಿಗೆ, ಮ್ಯಾಥ್ಯೂಸ್ ಇಂಗ್ಲೆಂಡ್ ತಂಡದ ಅಂಗಿ ತೊಟ್ಟು ವೇಲ್ಸ್ ವಿರುದ್ಧ ಗೋಲು ಹೊಡೆದರು.

ಮೈದಾನದ ಬಲಬದಿಯ ಗೆರೆಯ ಪಕ್ಕ ಅವರ ಜಾಗ. ಚೆಂಡು ಕಾಲಿಗೆ ಬಂದರೆ ಎದುರಾಳಿ ಡಿಫೆಂಡರ್‌ನ ಹತ್ತಿರಕ್ಕೇ ನಿಧಾನವಾಗಿ ಹೋಗುತ್ತಿದ್ದರು. ಮೈ ಎಡಕ್ಕೆ ವಾಲಿಸಿ ಅವನನ್ನು ಆ ಕಡೆ ಎಳೆದು, ತಾವು ಬಲಕ್ಕೆ ನುಗ್ಗಿ ಓಡುತ್ತಿದ್ದರು. ಏನು ಮಾಡುತ್ತಾರೆ ಎಂಬುದು ಎಲ್ಲರಿಗೂ ಗೊತ್ತಿತ್ತು, ತಡೆಯುವುದು ಮಾತ್ರ ಯಾರಿಗೂ ಸುಲಭವಾಗಿರಲಿಲ್ಲ. ತಮ್ಮ ಬೀದಿಯಲ್ಲಿ ಆಡಿ ಬೆಳೆದ ಹುಡುಗ ದೇಶದ ದೊಡ್ಡ ದೊಡ್ಡ ಡಿಫೆಂಡರ್‌ಗಳನ್ನು ಹೀಗೆ ಆಟ ಆಡಿಸುವುದನ್ನು ಕಂಡು ಸ್ಟೋಕ್ ಜನ ಹಿಗ್ಗುತ್ತಿದ್ದರು.

ವಾರಕ್ಕೆ 8 ಪೌಂಡ್, ಹೋಗಲು ಹಕ್ಕಿಲ್ಲ

ಆಗ ಇಂಗ್ಲೆಂಡಿನಲ್ಲಿ ಆಟಗಾರನ ಸಂಬಳಕ್ಕೆ ಮಿತಿ ಇತ್ತು. ಎಷ್ಟೇ ದೊಡ್ಡ ತಾರೆಯಾದರೂ ಋತುವಿನಲ್ಲಿ ವಾರಕ್ಕೆ 8 ಪೌಂಡ್‌ಗಿಂತ ಹೆಚ್ಚು ಕೊಡುವಂತಿರಲಿಲ್ಲ. ಒಪ್ಪಂದ ಮುಗಿದರೂ ಆಟಗಾರನ ನೋಂದಣಿ ಕ್ಲಬ್ ಕೈಯಲ್ಲೇ ಉಳಿಯುತ್ತಿತ್ತು. ಕ್ಲಬ್ ಬಿಡದಿದ್ದರೆ ಬೇರೆ ಕಡೆ ಆಡುವ ದಾರಿಯೇ ಇರಲಿಲ್ಲ.

ಸ್ಟೋಕ್ ಜೊತೆ ಮ್ಯಾಥ್ಯೂಸ್ ಅವರ ಮನಸ್ತಾಪ ಶುರುವಾಗಿದ್ದು ಹಣದಿಂದ. ಸೇವೆಗಾಗಿ ತಮಗೆ ಬರಬೇಕಾದ ಬೋನಸ್ ಮೊತ್ತವನ್ನು ಆಡಳಿತ ಮಂಡಳಿ ಕಡಿಮೆ ಮಾಡಲು ನೋಡಿದ್ದು ಅವರಿಗೆ ನೋವು ತಂದಿತ್ತು. ಮ್ಯಾನೇಜರ್ ಬಾಬ್ ಮೆಕ್‌ಗ್ರೋರಿ ಜೊತೆಗೂ ಹೊಂದಾಣಿಕೆ ಇರಲಿಲ್ಲ. ಹಿಂದೆ ಅದೇ ತಂಡದಲ್ಲಿ ಆಡಿದ್ದ ಮೆಕ್‌ಗ್ರೋರಿ ಕಟ್ಟುನಿಟ್ಟಿನ ಮನುಷ್ಯ. ಒಬ್ಬ ಆಟಗಾರನ ಸುತ್ತ ಇಡೀ ತಂಡ ತಿರುಗುವುದು ಅವರಿಗೆ ಹಿಡಿಸುತ್ತಿರಲಿಲ್ಲ. 1938ರ ಆರಂಭದಲ್ಲಿ ಮ್ಯಾಥ್ಯೂಸ್ ವರ್ಗಾವಣೆ ಕೇಳಿದರು.

ಸುದ್ದಿ ಹೊರಬಿದ್ದ ಕೂಡಲೇ ಊರು ತಲೆಕೆಳಗಾಯಿತು. ಕಾರ್ಖಾನೆ, ಬಸ್ಸು, ಹೋಟೆಲು, ಎಲ್ಲಿ ನೋಡಿದರೂ ಅದೇ ಮಾತು. ಸ್ಥಳೀಯ ಉದ್ಯಮಿಗಳೇ ಮುಂದೆ ನಿಂತು ಕಿಂಗ್ಸ್ ಹಾಲ್ ಸಭೆ ಕರೆದರು. ಮಾಲೀಕರೂ ಕಾರ್ಮಿಕರೂ ಒಂದೇ ಬೇಡಿಕೆ ಇಟ್ಟುಕೊಂಡು ಒಂದೇ ಸಭೆಗೆ ಬಂದದ್ದು ಅಪರೂಪದ ದೃಶ್ಯ. ಆಡಳಿತ ಮಂಡಳಿ ಅವರನ್ನು ಬಿಡಲು ಒಪ್ಪಲಿಲ್ಲ. ಜನರ ಒತ್ತಡಕ್ಕೆ ಮಣಿದು ಮ್ಯಾಥ್ಯೂಸ್ ಕೂಡ ಉಳಿದರು.

ಅಂದು ಊರು ಗೆದ್ದಿತು. ಆದರೆ ಅವರು ಯಾಕೆ ಹೊರಟಿದ್ದರು ಎಂಬ ಪ್ರಶ್ನೆ ಬಗೆಹರಿದಿರಲಿಲ್ಲ. ಮನಸ್ತಾಪ ಬೂದಿ ಮುಚ್ಚಿದ ಕೆಂಡದಂತೆ ಉಳಿಯಿತು.

ಯುದ್ಧದ ನಂತರದ ಬಿರುಕು

ಎರಡನೇ ಮಹಾಯುದ್ಧ ಶುರುವಾದಾಗ ಲೀಗ್ ನಿಂತಿತು. ವಾಯುಪಡೆ ಸೇರಿದ ಮ್ಯಾಥ್ಯೂಸ್ ಅವರಿಗೆ ಕಡಲತೀರದ ಪ್ರವಾಸಿ ಪಟ್ಟಣ ಬ್ಲ್ಯಾಕ್‌ಪೂಲ್ ಬಳಿ ಕೆಲಸ ಸಿಕ್ಕಿತು. ಅಲ್ಲಿನ ತಂಡಕ್ಕೆ ಅತಿಥಿ ಆಟಗಾರನಾಗಿ ಆಡಿದರು. ಯುದ್ಧ ಮುಗಿದ ಮೇಲೆ ಪತ್ನಿ ಬೆಟ್ಟಿ ಜೊತೆ ಅಲ್ಲೇ ಒಂದು ಸಣ್ಣ ಹೋಟೆಲ್ ನಡೆಸತೊಡಗಿದರು. ಬೆಟ್ಟಿ ಸ್ಟೋಕ್ ತಂಡದ ತರಬೇತುದಾರ ಜಿಮ್ಮಿ ವ್ಯಾಲೆನ್ಸ್ ಅವರ ಮಗಳು.

ಮನೆ ಬ್ಲ್ಯಾಕ್‌ಪೂಲ್‌ನಲ್ಲಿ, ತಂಡ ಸ್ಟೋಕ್‌ನಲ್ಲಿ. ಅಭ್ಯಾಸ ಒಂದು ಕಡೆ, ಪಂದ್ಯ ಇನ್ನೊಂದು ಕಡೆ. ಮೆಕ್‌ಗ್ರೋರಿಗೆ ಇದು ಸರಿಬರಲಿಲ್ಲ. 1946ರ ಅಕ್ಟೋಬರ್‌ನಲ್ಲಿ ಗಾಯದಿಂದ ಚೇತರಿಸಿಕೊಂಡು ಬಂದ ಮ್ಯಾಥ್ಯೂಸ್ ಅವರಿಗೆ ಮೊದಲು ಮೀಸಲು ತಂಡದಲ್ಲಿ ಆಡಿ ಫಿಟ್ನೆಸ್ ತೋರಿಸುವಂತೆ ಹೇಳಲಾಯಿತು. ಇಂಗ್ಲೆಂಡ್ ಪರ ಆಡುವ ತಮಗೆ ಅದು ಅವಮಾನ ಎನಿಸಿತು. ಜಗಳ ಮತ್ತೆ ಪತ್ರಿಕೆಗಳ ಮುಖಪುಟಕ್ಕೆ ಬಂತು.

ಎರಡೂ ಕಡೆ ನ್ಯಾಯವಿತ್ತು. ಮ್ಯಾಥ್ಯೂಸ್ ಹೆಸರಿನಿಂದಲೇ ಮೈದಾನ ತುಂಬುತ್ತಿದ್ದರೂ ಸಂಬಳದ ಮಿತಿಯಿಂದಾಗಿ ಆ ಲಾಭದಲ್ಲಿ ಅವರಿಗೆ ಪಾಲಿರಲಿಲ್ಲ. ಇತ್ತ, ಅವರಿಲ್ಲದಾಗಲೂ ತಂಡ ಚೆನ್ನಾಗಿಯೇ ಆಡುತ್ತಿತ್ತು. ಊರಿನವರೇ ಆದ ಫ್ರೆಡ್ಡಿ ಸ್ಟೀಲ್, ನೀಲ್ ಫ್ರಾಂಕ್ಲಿನ್ ಅವರಂಥವರಿದ್ದ ಸ್ಟೋಕ್ ಆ ಋತುವಿನಲ್ಲಿ ಲೀಗ್ ಪ್ರಶಸ್ತಿಯ ಹತ್ತಿರ ಬಂದಿತ್ತು. ಗೆಲ್ಲುವ ತಂಡವನ್ನು ಬದಲಿಸಲು ಮ್ಯಾನೇಜರ್‌ಗೆ ಮನಸ್ಸಿರಲಿಲ್ಲ. 42 ಲೀಗ್ ಪಂದ್ಯಗಳಲ್ಲಿ ಮ್ಯಾಥ್ಯೂಸ್ ಆಡಿದ್ದು 23 ಮಾತ್ರ.

ಗೆಲುವಿನ ಹೊಸ್ತಿಲಲ್ಲಿ ಅಗಲಿಕೆ

1947ರ ಮೇ 10ರಂದು ಮ್ಯಾಥ್ಯೂಸ್ ಗ್ಲ್ಯಾಸ್ಗೋದಲ್ಲಿ ಯುರೋಪ್ ತಂಡದ ವಿರುದ್ಧ ಗ್ರೇಟ್ ಬ್ರಿಟನ್ ಪರ ಆಡಿದರು. ಅದೇ ದಿನ ಬ್ಲ್ಯಾಕ್‌ಪೂಲ್‌ಗೆ ಅವರ ವರ್ಗಾವಣೆ ಕುದುರಿತು. ಬೆಲೆ 11,500 ಪೌಂಡ್. ವಯಸ್ಸು 32.

ಆ ವರ್ಷದ ಭೀಕರ ಚಳಿ, ಹಿಮಪಾತದಿಂದ ಪಂದ್ಯಗಳು ಮುಂದೂಡಿ ಋತು ಜೂನ್‌ವರೆಗೆ ಎಳೆದಿತ್ತು. ಸ್ಟೋಕ್‌ಗೆ ಇನ್ನೂ ಕೆಲವು ಪಂದ್ಯ ಬಾಕಿ ಇದ್ದವು. ಊರಿನ ಜನರನ್ನು ಕೇಳುವ ಪ್ರಶ್ನೆಯೇ ಬರಲಿಲ್ಲ. 1938ರಲ್ಲಿ ಸಭೆ ಸೇರಿ ತಡೆದವರಿಗೆ ಈ ಬಾರಿ ತಡೆಯಲು ಅವಕಾಶವೂ ಸಿಗಲಿಲ್ಲ.

ಜೂನ್ 14ರಂದು ಶೆಫೀಲ್ಡ್ ಯುನೈಟೆಡ್ ವಿರುದ್ಧದ ಕೊನೆಯ ಪಂದ್ಯ ಗೆದ್ದಿದ್ದರೆ ಸ್ಟೋಕ್ ಇಂಗ್ಲೆಂಡಿನ ಚಾಂಪಿಯನ್ ಆಗುತ್ತಿತ್ತು. 2-1ರಿಂದ ಸೋತಿತು. ಪ್ರಶಸ್ತಿ ಲಿವರ್‌ಪೂಲ್ ಪಾಲಾಯಿತು, ಸ್ಟೋಕ್ ನಾಲ್ಕನೇ ಸ್ಥಾನಕ್ಕೆ ಜಾರಿತು. ಮ್ಯಾಥ್ಯೂಸ್ ಇದ್ದಿದ್ದರೆ ಏನಾಗುತ್ತಿತ್ತು? ಯಾರೂ ಉತ್ತರಿಸಲಾಗದ ಈ ಪ್ರಶ್ನೆ ಊರನ್ನು ದಶಕಗಳ ಕಾಲ ಕಾಡಿತು. ಇವತ್ತಿಗೂ ಸ್ಟೋಕ್ ಸಿಟಿ ಅಗ್ರ ಲೀಗ್ ಗೆದ್ದಿಲ್ಲ.

ಮೂರು ವರ್ಷದ ಬಳಿಕ ಫ್ರಾಂಕ್ಲಿನ್ ಕೂಡ ಹೆಚ್ಚಿನ ಸಂಬಳ ಹುಡುಕಿಕೊಂಡು ದೂರದ ಕೊಲಂಬಿಯಾಗೆ ಹೋದರು. ಊರಿನ ಅಭಿಮಾನ ಎಷ್ಟೇ ದೊಡ್ಡದಿದ್ದರೂ ಸಂಬಳದ ಮಿತಿ ಆಟಗಾರರನ್ನು ಹೊರಗೆ ನೂಕುತ್ತಲೇ ಇತ್ತು.

ಒಂದೇ ವಸಂತ, ಎರಡು ಊರು

ಬ್ಲ್ಯಾಕ್‌ಪೂಲ್‌ನಲ್ಲಿ ಮ್ಯಾಥ್ಯೂಸ್ ಕೀರ್ತಿ ಇನ್ನಷ್ಟು ಬೆಳೆಯಿತು. 1948ರಲ್ಲಿ ಇಂಗ್ಲೆಂಡಿನ ವರ್ಷದ ಆಟಗಾರ ಪ್ರಶಸ್ತಿ ಮೊದಲ ಬಾರಿಗೆ ಕೊಟ್ಟಾಗ ಅದು ಸಿಕ್ಕಿದ್ದು ಅವರಿಗೆ. ಆದರೆ ಎಫ್‌ಎ ಕಪ್ ಪದಕ ಮಾತ್ರ ಕೈತಪ್ಪುತ್ತಲೇ ಇತ್ತು. 1948 ಮತ್ತು 1951ರ ಫೈನಲ್‌ಗಳಲ್ಲಿ ಬ್ಲ್ಯಾಕ್‌ಪೂಲ್ ಸೋತಿತು.

1953ರ ಮೇ 2ರಂದು ಮೂರನೇ ಅವಕಾಶ. ಮ್ಯಾಥ್ಯೂಸ್ ಅವರಿಗೆ ಆಗ 38. ರಾಣಿ ಎರಡನೇ ಎಲಿಜಬೆತ್ ವೆಂಬ್ಲಿ ಗ್ಯಾಲರಿಯಲ್ಲಿದ್ದರು, ದೇಶ ಟಿವಿ ಮುಂದೆ ಕುಳಿತಿತ್ತು. ಒಂದು ಹಂತದಲ್ಲಿ ಬೋಲ್ಟನ್ 3-1ರಿಂದ ಮುಂದಿತ್ತು. ಅಲ್ಲಿಂದ ಮ್ಯಾಥ್ಯೂಸ್ ಬಲಬದಿಯನ್ನು ಸೂರೆ ಮಾಡಿದರು. ಸ್ಟ್ಯಾನ್ ಮಾರ್ಟೆನ್ಸನ್ ಹ್ಯಾಟ್ರಿಕ್ ಪೂರೈಸಿದರು. ಕೊನೆಯ ಕ್ಷಣದಲ್ಲಿ ಮ್ಯಾಥ್ಯೂಸ್ ಕಳುಹಿಸಿದ ಚೆಂಡನ್ನು ಬಿಲ್ ಪೆರಿ ಗೋಲಿಗಟ್ಟಿದರು. ಬ್ಲ್ಯಾಕ್‌ಪೂಲ್ 4-3ರಿಂದ ಗೆದ್ದಿತು. ಹ್ಯಾಟ್ರಿಕ್ ಹೊಡೆದದ್ದು ಮಾರ್ಟೆನ್ಸನ್ ಆದರೂ ಆ ಪಂದ್ಯ ಇತಿಹಾಸದಲ್ಲಿ ಉಳಿದದ್ದು ಮ್ಯಾಥ್ಯೂಸ್ ಫೈನಲ್ ಎಂಬ ಹೆಸರಿನಲ್ಲಿ.

ಅದೇ ಋತುವಿನ ಕೊನೆಗೆ ಸ್ಟೋಕ್ ಸಿಟಿ ಅಗ್ರ ಲೀಗ್‌ನಿಂದ ಕೆಳಗೆ ಬಿತ್ತು. ಊರ ಹುಡುಗ ಇನ್ನೊಂದು ಊರಿನ ಅಂಗಿ ತೊಟ್ಟು ದೇಶದ ಕಣ್ಮಣಿಯಾದಾಗ ಅವನ ತವರು ತಂಡ ಎರಡನೇ ಡಿವಿಷನ್‌ಗೆ ಗಂಟುಮೂಟೆ ಕಟ್ಟುತ್ತಿತ್ತು. 1956ರಲ್ಲಿ ಮ್ಯಾಥ್ಯೂಸ್ 41ನೇ ವಯಸ್ಸಿನಲ್ಲಿ ಮೊದಲ ಬ್ಯಾಲನ್ ಡಿ'ಓರ್ ಪಡೆದಾಗಲೂ ಸ್ಟೋಕ್ ಕೆಳಗಿನ ಡಿವಿಷನ್‌ನಲ್ಲೇ ಇತ್ತು.

ವನವಾಸ ಮುಗಿಸಿ ಮನೆಗೆ

1961ರ ಅಕ್ಟೋಬರ್ ಹೊತ್ತಿಗೆ ಸ್ಟೋಕ್ ಸ್ಥಿತಿ ಇನ್ನೂ ಹದಗೆಟ್ಟಿತ್ತು. ತವರಿನ ಒಂದು ಪಂದ್ಯಕ್ಕೆ ಬಂದದ್ದು 8,409 ಮಂದಿ. ಹೊಸ ಮ್ಯಾನೇಜರ್ ಟೋನಿ ವಾಡಿಂಗ್ಟನ್ ಹಲವರು ನಗುವಂಥ ಒಂದು ಯೋಚನೆ ಮಾಡಿದರು. 46 ವರ್ಷದ ಮ್ಯಾಥ್ಯೂಸ್ ಅವರನ್ನು ಮೂರೂವರೆ ಸಾವಿರ ಪೌಂಡ್ ಕೊಟ್ಟು ವಾಪಸ್ ಕರೆತಂದರು. ಸಂಬಳದ ಮಿತಿ ಅದೇ ವರ್ಷದ ಜನವರಿಯಲ್ಲಿ ರದ್ದಾಗಿತ್ತು. ಹಳೆಯ ಮ್ಯಾನೇಜರ್ ಮೆಕ್‌ಗ್ರೋರಿ ಎಂದೋ ಕ್ಲಬ್ ಬಿಟ್ಟಿದ್ದರು.

ಅಕ್ಟೋಬರ್ 24ರಂದು ಹಡರ್ಸ್‌ಫೀಲ್ಡ್ ವಿರುದ್ಧ ವಿಕ್ಟೋರಿಯಾ ಮೈದಾನಕ್ಕೆ ಬಂದ ಜನ 35,974. ಹಿಂದಿನ ತವರು ಪಂದ್ಯಕ್ಕಿಂತ ನಾಲ್ಕು ಪಟ್ಟು ಹೆಚ್ಚು. 14 ವರ್ಷದ ವನವಾಸ ಮುಗಿಸಿ ಬಂದವರನ್ನು ಊರು ಲೆಕ್ಕ ಕೇಳಲಿಲ್ಲ, ಎದ್ದು ನಿಂತು ಬರಮಾಡಿಕೊಂಡಿತು. ತಂದೆಯ ಹೆಗಲೇರಿ ಹಿಂದೆ ಅವರ ಆಟ ನೋಡಿದ್ದವರು ಈಗ ತಮ್ಮ ಮಕ್ಕಳನ್ನು ಕರೆತರುವ ವಯಸ್ಸಿಗೆ ಬಂದಿದ್ದರು. ಸ್ಟೋಕ್ 3-0ಯಿಂದ ಗೆದ್ದಿತು.

ಅದು ಬರೀ ಭಾವುಕತೆಯ ಆಟವಾಗಿ ಉಳಿಯಲಿಲ್ಲ. ಗೇಟಿನಲ್ಲಿ ಹಣ ಬಂತು, ಒಳ್ಳೆಯ ಆಟಗಾರರು ಬಂದರು. 1963ರ ಮೇ ತಿಂಗಳಲ್ಲಿ ಲೂಟನ್ ವಿರುದ್ಧ 2-0 ಗೆಲುವಿನೊಂದಿಗೆ ಸ್ಟೋಕ್ ಹತ್ತು ವರ್ಷದ ಬಳಿಕ ಅಗ್ರ ಲೀಗ್‌ಗೆ ಮರಳಿತು. ಅದರಲ್ಲಿ ಎರಡನೇ ಗೋಲು ಹೊಡೆದದ್ದು 48 ವರ್ಷದ ಮ್ಯಾಥ್ಯೂಸ್. ಆ ಋತುವಿನಲ್ಲಿ ಅವರ ಏಕೈಕ ಗೋಲು ಅದು. ವರ್ಷದ ಆಟಗಾರ ಪ್ರಶಸ್ತಿ ಎರಡನೇ ಬಾರಿಗೆ ಅವರ ಮನೆಗೆ ಬಂತು.

1965ರ ಆರಂಭದಲ್ಲಿ ಅವರಿಗೆ ಸರ್ ಪದವಿ ಸಿಕ್ಕಿತು. ಇನ್ನೂ ಆಡುತ್ತಿರುವಾಗಲೇ ಆ ಗೌರವ ಪಡೆದ ಮೊದಲ ಫುಟ್‌ಬಾಲ್ ಆಟಗಾರ ಅವರು. 50 ತುಂಬಿ ಐದು ದಿನಕ್ಕೆ, ಫೆಬ್ರವರಿ 6ರಂದು, ಫುಲ್ಹ್ಯಾಮ್ ವಿರುದ್ಧ ಕೊನೆಯ ಲೀಗ್ ಪಂದ್ಯ ಆಡಿದರು. ಏಪ್ರಿಲ್‌ನಲ್ಲಿ ನಡೆದ ಬೀಳ್ಕೊಡುಗೆ ಪಂದ್ಯಕ್ಕೆ ಜಗತ್ತಿನ ತಾರೆಯರೇ ಆ ಪಿಂಗಾಣಿ ಊರಿಗೆ ಬಂದರು. ಹಂಗೇರಿಯ ಪುಷ್ಕಾಸ್ ಮತ್ತು ರಷ್ಯಾದ ಗೋಲ್‌ಕೀಪರ್ ಲೆವ್ ಯಾಶಿನ್ ಅವರನ್ನು ಹೆಗಲ ಮೇಲೆ ಹೊತ್ತು ನಡೆದರು.

ಕೊನೆಯ ಸಭೆ

ನಂತರ ಮ್ಯಾಥ್ಯೂಸ್ ಬಾಲ್ಯದ ನೆಚ್ಚಿನ ತಂಡ ಪೋರ್ಟ್ ವೇಲ್‌ಗೆ ಮ್ಯಾನೇಜರ್ ಆದರು, ಮಾಲ್ಟಾದಲ್ಲಿ ನೆಲೆಸಿದರು. ವರ್ಣಭೇದ ನೀತಿ ಜಾರಿಯಲ್ಲಿದ್ದ ದಕ್ಷಿಣ ಆಫ್ರಿಕಾದ ಸೊವೆಟೊದಲ್ಲಿ ಕಪ್ಪು ಹುಡುಗರಿಗೆ ಆಟ ಕಲಿಸಿ, 1975ರಲ್ಲಿ ಅವರ ತಂಡವನ್ನು ಬ್ರೆಜಿಲ್‌ಗೆ ಕರೆದೊಯ್ದರು. ವೃದ್ಧಾಪ್ಯಕ್ಕೆ ಮತ್ತೆ ಸ್ಟೋಕ್‌ಗೇ ಬಂದರು. 2000ದ ಫೆಬ್ರವರಿ 23ರಂದು, 85ನೇ ವಯಸ್ಸಿನಲ್ಲಿ ತೀರಿಕೊಂಡರು.

ಅಂತ್ಯಯಾತ್ರೆಯ ದಿನ ಸ್ಟೋಕ್ ಬೀದಿಗಳ ಎರಡೂ ಬದಿಯಲ್ಲಿ ಒಂದು ಲಕ್ಷಕ್ಕೂ ಹೆಚ್ಚು ಜನ ನಿಂತಿದ್ದರು. ಅವರಲ್ಲಿ ಬಹುತೇಕರು ಮ್ಯಾಥ್ಯೂಸ್ ಆಟವನ್ನು ಕಣ್ಣಾರೆ ಕಂಡವರಲ್ಲ. ಅಜ್ಜಂದಿರು ಹೇಳಿದ ಕಥೆ ಕೇಳಿದವರು.

1938ರಲ್ಲಿ ಅವರು ಹೋಗಕೂಡದು ಎಂದು ಈ ಊರು ಸಭೆ ಸೇರಿತ್ತು. 1947ರಲ್ಲಿ ಅವರು ಹೋದರು, ಜಗತ್ತು ಗೆದ್ದರು, ಮತ್ತೆ ಬಂದರು. ಈಗ ಅವರ ಚಿತಾಭಸ್ಮ ಸ್ಟೋಕ್ ಸಿಟಿಯ ಹೊಸ ಕ್ರೀಡಾಂಗಣದ ನಟ್ಟನಡುವಿನ ವೃತ್ತದ ಕೆಳಗಿದೆ. ಅಲ್ಲಿ ನಡೆಯುವ ಪ್ರತಿ ಪಂದ್ಯವೂ ಆ ಜಾಗದಿಂದಲೇ ಆರಂಭವಾಗುತ್ತದೆ.