ಕ್ರೀಡಾವೀರ ಬಾಳೂ ಪಾಲವಣಕರ

ಆಟದ ಕ್ಲಬ್ಬುಗಳ ಚರಿತ್ರೆಯನ್ನು ಬರೆಯುವವರು ಸಾಮಾನ್ಯವಾಗಿ ಗೆದ್ದ ಪಾರಿತೋಷಕಗಳನ್ನು ಎಣಿಸುತ್ತಾರೆ. ಆ ಕ್ಲಬ್ಬಿನ ಬಾಗಿಲು ಯಾರಿಗೆ ತೆರೆದಿತ್ತು, ಯಾರಿಗೆ ಮುಚ್ಚಿತ್ತು ಎಂಬುದನ್ನು ಹೇಳುವವರು ವಿರಳ. ರಷ್ಯಾ ದೇಶದ ಒರೆಖೊವೊ ಎಂಬ ಗಿರಣಿಯೂರಿನಲ್ಲಿ ಮೊರೊಜೊವ್ ಮನೆತನದ ಬಟ್ಟೆಗಿರಣಿಯ ಇಂಗ್ಲಿಷ್ ಮೇಲ್ವಿಚಾರಕರು ಒಂದು ಫುಟ್‌ಬಾಲ್ ತಂಡವನ್ನು ಕಟ್ಟಿದರು. ಗಿರಣಿಯ ಕೆಲಸಗಾರರೂ ಆಡುತ್ತಿದ್ದ ಆ ತಂಡವು 1910ರಿಂದ 1913ರವರೆಗೆ ಮಾಸ್ಕೋ ನಗರದ ಲೀಗನ್ನೇ ಗೆದ್ದುಕೊಂಡಿತು. ನಮ್ಮ ದೇಶದಲ್ಲಿಯೂ ಇಂಗ್ಲಿಷರು ಊರೂರಿಗೆ ಕ್ಲಬ್ಬುಗಳನ್ನು ಕಟ್ಟಿದರು. ಆದರೆ ಇಲ್ಲಿ ಮೈದಾನವನ್ನು ಗುಡಿಸುವವನಿಗೆ ತಂಡದಲ್ಲಿ ಸ್ಥಾನವಿರಲಿಲ್ಲ. ಹಾಗೆ ಮೈದಾನವನ್ನು ಗುಡಿಸುತ್ತಲೇ ದೇಶದ ಶ್ರೇಷ್ಠ ಬೌಲರ್ ಎನಿಸಿಕೊಂಡ ಬಾಳೂ ಪಾಲವಣಕರರ ಚರಿತ್ರೆಯನ್ನು ನಾವು ಇಲ್ಲಿ ಸಂಗ್ರಹಿಸಿದ್ದೇವೆ.

ಬಾಳೂ ಅವರು 1876ರಲ್ಲಿ ನಮ್ಮ ಧಾರವಾಡದಲ್ಲಿ ಜನಿಸಿದರು. ಅಂದು ಧಾರವಾಡವೂ ಮುಂಬಯಿಯೂ ಒಂದೇ ಮುಂಬಯಿ ಪ್ರಾಂತಕ್ಕೆ ಸೇರಿದ್ದವು. ಅವರದು ಕೊಂಕಣದ ಪಾಲವಣ ಗ್ರಾಮದ ಮೂಲದ ಚರ್ಮಕಾರ ಮನೆತನ. ಸಮಾಜವು ಅಸ್ಪೃಶ್ಯರೆಂದು ದೂರವಿಟ್ಟಿದ್ದ ಕುಲ. ತಂದೆ ಸೈನ್ಯದಲ್ಲಿದ್ದುದರಿಂದ ಕುಟುಂಬವು ಪುಣೆಗೆ ಬಂದಿತು. ಅಲ್ಲಿ ಅಧಿಕಾರಿಗಳು ಬಳಸಿ ಬಿಟ್ಟ ಬ್ಯಾಟು ಚೆಂಡುಗಳಿಂದ ಬಾಳೂ ಮತ್ತು ಅವರ ತಮ್ಮ ಶಿವರಾಮ ಆಟ ಕಲಿತರು. ಗಣಪತ ಮತ್ತು ವಿಠ್ಠಲ ಎಂಬ ಇನ್ನಿಬ್ಬರು ತಮ್ಮಂದಿರೂ ಮುಂದೆ ಹೆಸರಾಂತ ಆಟಗಾರರಾದರು.

ಬಾಳೂ ಅವರಿಗೆ ದೊರೆತ ಮೊದಲ ಕೆಲಸ ಪಾರಸಿಗಳ ಒಂದು ಕ್ರಿಕೆಟ್ ಕ್ಲಬ್ಬಿನಲ್ಲಿ. ಪಿಚ್ಚನ್ನು ಗುಡಿಸಿ ಉರುಳೆ ಎಳೆಯುವುದಕ್ಕೆ ತಿಂಗಳಿಗೆ ಮೂರು ರೂಪಾಯಿ ಸಂಬಳ. 1892ರ ಸುಮಾರಿಗೆ ಯುರೋಪಿಯನ್ನರ ಪೂನಾ ಕ್ಲಬ್ಬಿಗೆ ಸೇರಿದಾಗ ಅದು ನಾಲ್ಕು ರೂಪಾಯಿಯಾಯಿತು. ಅಭ್ಯಾಸದ ಬಲೆಯಲ್ಲಿ ಅವರು ಸಾಹೇಬರಿಗೆ ಚೆಂಡೆಸೆಯತೊಡಗಿದರು. ಪ್ರಸಿದ್ಧ ಆಟಗಾರರಾದ ಕ್ಯಾಪ್ಟನ್ ಗ್ರೇಗ್ ಸಾಹೇಬರು ಅವರ ಎಡಗೈಯ ನಿಧಾನ ಬೌಲಿಂಗನ್ನು ಗಂಟೆಗಟ್ಟಲೆ ಎದುರಿಸಿ ಅಭ್ಯಾಸ ಮಾಡುತ್ತಿದ್ದರು. ಬಾಳೂ ಅವರ ಕೈಯೂ ಇದರಿಂದ ಪಳಗಿತು. ಆದರೆ ಅಷ್ಟು ವರ್ಷಗಳ ಸೇವೆಯಲ್ಲಿ ಅವರ ಕೈಗೆ ಬ್ಯಾಟನ್ನು ಮಾತ್ರ ಯಾರೂ ಕೊಡಲಿಲ್ಲ. ಬ್ಯಾಟು ದೊರೆಗಳದು, ಚೆಂಡೆಸೆಯುವ ದುಡಿಮೆ ಸೇವಕನದು ಎಂಬುದು ಅಂದಿನ ಕಟ್ಟಳೆ.

ಪುಣೆಯ ಹಿಂದೂಗಳ ತಂಡಕ್ಕೆ ಯುರೋಪಿಯನ್ನರನ್ನು ಸೋಲಿಸುವ ಹಂಬಲವಿತ್ತು. ಬಾಳೂ ಇಲ್ಲದೆ ಅದು ಆಗದೆಂದು ಎಲ್ಲರಿಗೂ ಗೊತ್ತು. ಆದರೆ ಅವರೊಡನೆ ಆಡುವುದು ಹೇಗೆಂದು ಸವರ್ಣ ಸದಸ್ಯರಲ್ಲಿ ವಾದವೆದ್ದಿತು. ಕಡೆಗೆ ತಂಡಕ್ಕೆ ಸೇರಿಸಿಕೊಂಡರು. ಮೈದಾನದಲ್ಲಿ ಅವರು ಮುಟ್ಟಿದ ಚೆಂಡನ್ನು ಎಲ್ಲರೂ ಮುಟ್ಟುತ್ತಿದ್ದರು. ಚಹದ ವೇಳೆ ಬಂದರೆ ಉಳಿದವರು ಒಳಗೆ ಪಿಂಗಾಣಿ ಬಟ್ಟಲಲ್ಲಿ ಕುಡಿಯುತ್ತಿರಲು, ಬಾಳೂ ಅವರಿಗೆ ಪೆವಿಲಿಯನ್ನಿನ ಹೊರಗೆ ಮಣ್ಣಿನ ಕುಡಿಕೆಯಲ್ಲಿ ಚಹ. ಊಟಕ್ಕೂ ಬೇರೆ ತಟ್ಟೆ, ಬೇರೆ ಜಾಗ. ಚೆಂಡಿಗೆ ತಗಲದ ಮೈಲಿಗೆ ಬಟ್ಟಲಿಗೆ ತಗಲುತ್ತಿತ್ತು! ಬಾಳೂ ಅವರ ಉತ್ತರವೆಲ್ಲ ಅವರು ಕಿತ್ತ ವಿಕೆಟ್ಟುಗಳಲ್ಲಿತ್ತು. ಗೆಲುವುಗಳು ಒಂದರ ಮೇಲೊಂದು ಬಂದಂತೆ ಕೆಲವು ಬಾಗಿಲುಗಳು ಸಡಿಲಗೊಂಡವು.

ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಅವರು ಮುಂಬಯಿಗೆ ಬಂದರು. ಇಲ್ಲಿ ರೈಲ್ವೆಯಲ್ಲಿ ನೌಕರಿ ದೊರಕಿತು. 1894ರಲ್ಲಿ ಸ್ಥಾಪನೆಯಾದ ಹಿಂದೂ ಜಿಮ್‌ಖಾನಾದಲ್ಲಿಯೂ ಕೆಲವರು ತಕರಾರೆತ್ತಿದರು. ನಾಯಕರಾಗಿದ್ದ ಕೀರ್ತಿಕರರು ಹಟ ಹಿಡಿದು ಅವರನ್ನು ಸೇರಿಸಿಕೊಂಡರು.

ಠಾಕುರ್ಲಿಯಿಂದ ಲೋಕಲ್ ಗಾಡಿ ಹಿಡಿದು ಛತ್ರಪತಿ ಶಿವಾಜಿ ಮಹಾರಾಜ ಟರ್ಮಿನಸ್ಸಿನಲ್ಲಿ ಇಳಿದರೆ ಆಜಾದ್ ಮೈದಾನ ಹತ್ತಿರದಲ್ಲಿದೆ. ಅದರ ದಕ್ಷಿಣದ ತುದಿಯಲ್ಲಿರುವುದೇ ಬಾಂಬೆ ಜಿಮ್‌ಖಾನಾ. ಅಂದು ಭಾರತೀಯರು ಸೇವಕರಾಗಿಯಲ್ಲದೆ ಅದರ ಒಳಗೆ ಕಾಲಿಡುವಂತಿರಲಿಲ್ಲ. 1906ರ ಫೆಬ್ರವರಿಯಲ್ಲಿ ಅದೇ ಮೈದಾನದಲ್ಲಿ ಹಿಂದೂಗಳು ಯುರೋಪಿಯನ್ನರನ್ನು ಎದುರಿಸಿದರು. ಹಿಂದೂಗಳು 242 ಮತ್ತು 160 ರನ್ನು ಗಳಿಸಿದರು. ಯುರೋಪಿಯನ್ನರು 191 ಮತ್ತು 102ಕ್ಕೆ ಮುಗಿದರು. 109 ರನ್ನುಗಳ ಆ ಜಯದಲ್ಲಿ ಬಾಳೂ ಅವರು ಎಂಟು ವಿಕೆಟ್ಟು ಪಡೆದಿದ್ದರು. ಆಳುವವರನ್ನು ಆಳಿಸಿಕೊಳ್ಳುವವರು ಸೋಲಿಸಿದರೆಂಬ ಸುದ್ದಿ ದೇಶದಲ್ಲೆಲ್ಲ ಹಬ್ಬಿತು.

1911ರಲ್ಲಿ ಪಟಿಯಾಲಾ ಮಹಾರಾಜರ ನಾಯಕತ್ವದಲ್ಲಿ ಭಾರತದ ತಂಡವು ಇಂಗ್ಲೆಂಡಿಗೆ ಹೋಯಿತು. ತಂಡ ಹೆಚ್ಚಾಗಿ ಸೋತಿತು, ಬಾಳೂ ಸೋಲಲಿಲ್ಲ. ಆ ಪ್ರವಾಸದಲ್ಲಿ ಅವರು ಒಟ್ಟು 114 ವಿಕೆಟ್ಟುಗಳನ್ನು ಉರುಳಿಸಿದರು. ಆಗಿನ್ನೂ ತರುಣರಾಗಿದ್ದ ಅಂಬೇಡ್ಕರರಿಗೂ ಬಾಳೂ ಅವರಲ್ಲಿ ಅಪಾರ ಅಭಿಮಾನವಿತ್ತು.

ಇಷ್ಟಾದರೂ ಹಿಂದೂ ತಂಡದ ನಾಯಕತ್ವ ಅವರಿಗೆ ಬರಲಿಲ್ಲ. ವರ್ಷ ವರ್ಷವೂ ಅವರ ಹೆಸರು ಕೇಳಿಬರುತ್ತಿತ್ತು. ವರ್ಷ ವರ್ಷವೂ ಮೇಲುಜಾತಿಯ ಆಟಗಾರನೇ ನಾಯಕನಾಗುತ್ತಿದ್ದನು. 1920ರಲ್ಲಿ ಅವರನ್ನು ತಂಡದಿಂದಲೇ ಕೈಬಿಟ್ಟಾಗ ಶಿವರಾಮ ಮತ್ತು ವಿಠ್ಠಲ ಪ್ರತಿಭಟಿಸಿ ತಂಡದಿಂದ ಹೊರಬಂದರು. ಊರಿನ ಜನಾಭಿಪ್ರಾಯ ಅವರ ಕಡೆಗೆ ವಾಲಿತು. ಮುಂದಿನ ಪಂದ್ಯಕ್ಕೆ ಸಹೋದರರನ್ನು ಮರಳಿ ಕರೆಸಿ ಬಾಳೂ ಅವರನ್ನು ಉಪನಾಯಕರನ್ನಾಗಿ ಮಾಡಿದರು. ನಾಯಕರಾದ ಪೈ ಅವರು ಕೆಲಹೊತ್ತು ಮೈದಾನದಿಂದ ಹೊರಗೆ ನಿಂತರು. ಆ ಸ್ವಲ್ಪ ಹೊತ್ತು ನಲವತ್ನಾಲ್ಕರ ಬಾಳೂ ತಂಡವನ್ನು ನಡೆಸಿದರು. ಅವರಿಗೆ ದೊರೆತ ನಾಯಕತ್ವ ಅಷ್ಟೆ. 1923ರಲ್ಲಿ ತಮ್ಮ ವಿಠ್ಠಲನೇ ಹಿಂದೂಗಳ ನಾಯಕನಾಗಿ ಜಯ ತಂದನು. ಅಣ್ಣ ತಟ್ಟಿದ ಬಾಗಿಲು ತಮ್ಮನಿಗೆ ತೆರೆಯಿತು.

ಬಳಿಕ ಬಾಳೂ ಅವರು ರಾಜಕೀಯಕ್ಕೆ ಇಳಿದರು. 1932ರ ಪುಣೆ ಒಪ್ಪಂದಕ್ಕೆ ಸಹಿ ಹಾಕಿದವರಲ್ಲಿ ಅವರೂ ಒಬ್ಬರು. 1937ರ ಮುಂಬಯಿ ಚುನಾವಣೆಯಲ್ಲಿ ಕಾಂಗ್ರೆಸ್ಸಿನ ಪರವಾಗಿ ಅಂಬೇಡ್ಕರರ ಎದುರಿಗೇ ನಿಂತು ಎರಡು ಸಾವಿರದಷ್ಟು ಮತಗಳಿಂದ ಸೋತರು. ಒಂದೇ ನೋವನ್ನುಂಡ ಇಬ್ಬರು ಬೇರೆ ಬೇರೆ ದಾರಿ ಹಿಡಿದಿದ್ದರು. 1955ರ ಜುಲೈ 4ರಂದು ಬಾಳೂ ಅವರು ಮುಂಬಯಿಯಲ್ಲಿ ತೀರಿಕೊಂಡರು.

ವಿದ್ಯಾರ್ಥಿಗಳೆ, ಬಿಡುವಿನ ವೇಳೆಯಲ್ಲಿ ನೀವು ಎರಡು ತಂಡಗಳಾಗಿ ನಿಲ್ಲುತ್ತೀರಿ. ಆಗ ಯಾರನ್ನು ಮೊದಲು ಕರೆಯುತ್ತೀರಿ, ಯಾರನ್ನು ಚೆಂಡು ಹೆಕ್ಕಿ ಕೊಡಲು ಮಾತ್ರ ನಿಲ್ಲಿಸುತ್ತೀರಿ, ನಿಮ್ಮ ನೀರಿನ ಬಾಟಲಿಯನ್ನು ಯಾರಿಗೆ ಕೊಡಲು ಹಿಂಜರಿಯುತ್ತೀರಿ ಎಂಬುದನ್ನು ಒಮ್ಮೆ ಗಮನಿಸಿರಿ. ಗೆಲ್ಲಿಸುವಾಗ ನಮ್ಮವನು, ಉಣ್ಣುವಾಗ ಹೊರಗಿನವನು ಎಂಬ ಲೆಕ್ಕವನ್ನು ಬಾಳೂ ಅವರು ಜೀವಮಾನವಿಡೀ ಸಹಿಸಿದರು. ಆ ಲೆಕ್ಕವನ್ನು ನಮ್ಮ ಶಾಲೆಯ ಅಂಗಳದಲ್ಲಿ ಅಳಿಸಿಹಾಕುವುದು ನಮ್ಮ ಕೈಯಲ್ಲಿದೆ.